ಜರಿ ಎಳೆಯ ಗಾಳ

ಹೊಳೆಬದಿಯಲ್ಲಿ ಗಾಳ ಹಾಕಿ ಕೂತವನನ್ನು ಕಂಡರೆ ನಮ್ಮ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ‘ಎಂತ ಸಿಕ್ತು?’ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ ಕೇಳುತ್ತಾರೆ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಬಸ್ಸು ಸ್ವಲ್ಪ ನಿಧಾನವಾದರೂ ಸಾಕು, ಕಿಟಕಿಯಿಂದ ಕೈ ಹೊರಹಾಕಿ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಪಕ್ಕದ ಚೀಲದಲ್ಲಿ ಇಣುಕಿ ನೋಡಿ, ಮೀನಿದ್ದರೆ ಸಂತೋಷಪಡುತ್ತಾರೆ. ಇಲ್ಲದಿದ್ದರೆ ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಕಿರಿಕಿರಿ. ಉತ್ತರ ಇಲ್ಲವೆಂದಲ್ಲ, ಉತ್ತರ ಬಹಳ ಇದೆ, ಮತ್ತು ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ.

ನಿಂತರೆ ಹೇಳುತ್ತಿದ್ದೆ. ಬೆಳಗ್ಗೆ ಬಂದಾಗ ನೀರು ಸಮುದ್ರದ ಕಡೆ ಇಳಿಯುತ್ತಿತ್ತು, ಕಾಂಡ್ಲಾ ಗಿಡದ ಬೇರುಗಳೆಲ್ಲ ಹೊರಗೆ ಕಾಣುತ್ತಿದ್ದವು. ಆಮೇಲೆ ನೀರು ಒಂದು ಗಳಿಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತಿತು. ತೇಲುತ್ತಿದ್ದ ಒಂದು ಹಲಸಿನ ಎಲೆ ಇದ್ದಲ್ಲೇ ಇತ್ತು. ನಂತರ ಅದೇ ಎಲೆ ಮೆಲ್ಲಗೆ ಘಟ್ಟದ ದಿಕ್ಕಿಗೆ ಹೊರಟಿತು. ಅದರ ಹಿಂದೆಯೇ ಶೆಟ್ಲಿಯ, ಅಂದರೆ ಸಿಗಡಿಯ, ಮರಿಗಳು ದಡದ ಅಂಚಿನಲ್ಲಿ ಮೇಲಕ್ಕೆ ಬಂದವು, ಅವುಗಳ ಹಿಂದೆ ಏನೋ ದೊಡ್ಡದು ಬಂದು ನೀರಿಗೊಂದು ಏಟು ಕೊಟ್ಟಿತು, ಶೆಟ್ಲಿಗಳು ಚಿಲ್ಲೆಂದು ಮೇಲಕ್ಕೆ ಹಾರಿದವು. ಗಾಳಕ್ಕೆ ಎರಡು ನೊಗಲಿ ಬಿದ್ದದ್ದು ಇಷ್ಟೆಲ್ಲ ಆದ ಮೇಲೆ. ಭಟ್ಕಳದ ಕಡೆ ಅದನ್ನೇ ಕಾಣೆ ಎನ್ನುತ್ತಾರೆ. ಚೀಲದಲ್ಲಿ ಇಣುಕಿದವರಿಗೆ ಕಾಣುವುದು ಆ ಎರಡು ಮೀನು ಮಾತ್ರ.

ನಮ್ಮ ಮೂರು ತಾಲ್ಲೂಕಿನ ಹೊಳೆಗಳು ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತವೆ. ಘಟ್ಟದ ಮೇಲಿನ ನೆಂಟರಿಗೆ ಇದನ್ನು ಹೇಳಿದರೆ ಮೊದಲು ನಂಬುವುದಿಲ್ಲ, ಕರೆದುಕೊಂಡು ಹೋಗಿ ತೋರಿಸಬೇಕು. ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ, ಭಟ್ಕಳದ ಶಿರಾಲಿಯ ಹತ್ತಿರದ ವೆಂಕಟಾಪುರ ಹೊಳೆ, ಎಲ್ಲವೂ ಘಟ್ಟದಿಂದ ಇಳಿದು ಬಂದವೇ. ಆದರೆ ಕೊನೆಯ ಕೆಲವು ಮೈಲಿ ಅವು ಸಮುದ್ರದ ಮಾತು ಕೇಳುತ್ತವೆ. ಗಾಳ ಹಾಕುವವನಿಗೆ ಆದ್ದರಿಂದ ಪಂಚಾಂಗ ಬೇಕು. ನಮ್ಮ ಮನೆಯಲ್ಲಿ ಪಂಚಾಂಗದ ಹಾಳೆಗಳು ಮಾಸಿದ್ದು ಮುಹೂರ್ತ ನೋಡಿ ಅಲ್ಲ, ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜೋರು, ಅಷ್ಟಮಿಯ ಆಚೀಚೆ ಮಂದ. ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನೀರು ತುಂಬುತ್ತದೆ. ಅಲ್ಲಿಂದ ಮುಂದೆ ತಿಥಿಗೆ ಎರಡೆರಡು ಗಳಿಗೆ ಕೂಡಿಸುತ್ತ ಹೋದರೆ ಆಯಿತು. ಎರಡು ಗಳಿಗೆಯೆಂದರೆ 48 ನಿಮಿಷ. ಚಂದ್ರ ದಿನದಿನವೂ ತಡವಾಗಿ ಬರುವುದಕ್ಕೂ ಇದಕ್ಕೂ ಹೆಚ್ಚುಕಮ್ಮಿ ಸರಿಹೋಗುತ್ತದೆ. ನನ್ನ ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ‘ಇವತ್ತು ಚೌತಿ, ಊಟ ಮಾಡ್ಕಂಡೇ ಹೋಗು, ನೀರು ಬರೂಕೆ ಹೊತ್ತದೆ’ ಎಂದು ಒಳಗಿನಿಂದಲೇ ಹೇಳುತ್ತಿದ್ದಳು. ಅವಳ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಕುಮಟೆಯ ಕಾಲೇಜಿನಲ್ಲಿ ಓದುತ್ತಿದ್ದಾಗ ಒಮ್ಮೆ ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಬೈಂಡು ಬಿಚ್ಚಿಹೋದ ಇಂಗ್ಲಿಷಿನ ಸಚಿತ್ರ ಪುಸ್ತಕವೊಂದು ಸಿಕ್ಕಿತ್ತು. ಅದರಲ್ಲಿ ಒಂದು ಚಿತ್ರ. ಹಿಮದ ಬೆಟ್ಟ, ಕಲ್ಲುಗಳ ನಡುವೆ ನೊರೆಯೆದ್ದು ಓಡುವ ಹೊಳೆ, ಸೊಂಟದವರೆಗೆ ನೀರಿನಲ್ಲಿ ನಿಂತ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ಗಾಳಿಯಲ್ಲಿ ಸುರುಳಿ ಬಿಚ್ಚುತ್ತಿರುವ ಉದ್ದನೆಯ ದಾರ. ಟ್ರೌಟ್ ಹಿಡಿಯುವ ಚಿತ್ರ ಅದು. ನಾನು ಅಲ್ಲೇ ನೆಲದ ಮೇಲೆ ಕೂತು ಓದಿದೆ. ವಸಂತದಲ್ಲಿ ಹಿಮ ಕರಗಿ ಹೊಳೆ ತಿಳಿಯಾಗುವ ಹೊತ್ತಿಗೆ ನೀರೊಳಗೆ ಬೆಳೆದ ಹುಳಗಳು ರೆಕ್ಕೆ ಮೂಡಿಸಿಕೊಂಡು ಮೇಲೆ ಬರುತ್ತವೆ. ಟ್ರೌಟ್ ಮೀನು ಅವನ್ನು ಹಿಡಿಯಲು ನೀರಿನ ಮೇಲ್ಮೈಗೆ ಏಳುತ್ತದೆ. ಮನುಷ್ಯ ಆ ಹುಳದ ರೂಪವನ್ನು ದಾರದಿಂದಲೂ ಗರಿಯಿಂದಲೂ ಗಾಳದ ಕೊಕ್ಕೆಗೆ ಕಟ್ಟಿ, ಮೀನು ಎದ್ದ ಜಾಗಕ್ಕಿಂತ ಒಂದು ಮಾರು ಮೇಲೆ ಇಳಿಸಿ, ಹರಿವಿನ ಜೊತೆ ತೇಲಿಬಿಡುತ್ತಾನೆ. ಇಷ್ಟೇ ಆಟ. ಆದರೆ ಗರಿಯ ಹುಳಕ್ಕೆ ತೂಕವೇ ಇಲ್ಲವಲ್ಲ, ಅದನ್ನು ದೂರಕ್ಕೆ ಎಸೆಯುವುದು ಹೇಗೆ? ನಾವು ಎಸೆಯುವುದು ಸೀಸದ ಗುಂಡಿನ ಭಾರದಿಂದ. ಅವರು ದಾರವನ್ನೇ ಭಾರವಾಗಿ ಮಾಡಿರುತ್ತಾರೆ. ದನ ಕಾಯುವವನ ಚಾಟಿಯ ಹಾಗೆ ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಉದ್ದ ಮಾಡಿ ನೀರಿನ ಮೇಲೆ ಹಾಸುತ್ತಾರೆ. ಹುಳ ಕೊನೆಯಲ್ಲಿ, ಸದ್ದಿಲ್ಲದೆ ಬೀಳುತ್ತದೆ.

ಐಸಾಕ್ ವಾಲ್ಟನ್ ಎಂಬಾತ 1653ರಲ್ಲೇ ಇಂಗ್ಲೆಂಡಿನಲ್ಲಿ ಗಾಳದ ಮೇಲೆ ಒಂದು ಗ್ರಂಥ ಬರೆದಿದ್ದನೆಂದು ಅದೇ ಪುಸ್ತಕದಿಂದ ತಿಳಿಯಿತು. ನನ್ನನ್ನು ಇದಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಮುಂದೆ ಎಷ್ಟೋ ವರ್ಷದ ನಂತರ ಸಿಕ್ಕಿತು. ನಮ್ಮ ದೇಶದ ಗಾಳಗಾರಿಕೆಯ ದೊಡ್ಡ ಪುಸ್ತಕ ‘ದ ರಾಡ್ ಇನ್ ಇಂಡಿಯಾ’ ಹುಟ್ಟಿದ್ದು ಎಲ್ಲೋ ಹಿಮಾಲಯದ ತಪ್ಪಲಿನಲ್ಲಲ್ಲ, ಮಂಗಳೂರಿನಲ್ಲಿ, 1873ರಲ್ಲಿ. ಬರೆದವನು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. ಅಷ್ಟು ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಬೇರೆಯಾಗಿ, 1862ರಲ್ಲಿ, ಮುಂಬಯಿ ಪ್ರಾಂತ್ಯಕ್ಕೆ ಸೇರಿಯಾಗಿತ್ತು. ಇಲ್ಲದಿದ್ದರೆ ಅವನ ಕಾರುಬಾರು ಭಟ್ಕಳ, ಹೊನ್ನಾವರ, ಕುಮಟೆಗಳಿಗೂ ನಡೆಯುತ್ತಿತ್ತು, ನಮ್ಮ ಹೊಳೆಗಳಿಗೂ ಆ ಪುಸ್ತಕದಲ್ಲಿ ಒಂದೊಂದು ಪುಟ ಸಿಗುತ್ತಿತ್ತೋ ಏನೋ. ಆತ ಪುಸ್ತಕದಲ್ಲಿ ಎತ್ತಿ ಹಿಡಿದದ್ದು ಮಹಶೀರನ್ನು. ಆದರೆ ನನಗೆ ಆತನ ಮೇಲೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಮೀನಿನ ಮರಿಗಳನ್ನು ಹಿಡಿದು ಮುಗಿಸಿದರೆ ಹೊಳೆಯೇ ಬರಿದಾಗುತ್ತದೆ ಎಂದು ಅವನು ಸರ್ಕಾರಕ್ಕೆ ಆಗಲೇ ವರದಿ ಬರೆದಿದ್ದ.

ಟ್ರೌಟ್ ನಮ್ಮಲ್ಲಿಲ್ಲ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ನಮ್ಮ ಫಾಲ್ಗುಣದ ಹೊಳೆಯಲ್ಲಿ ಅದು ಒಂದು ದಿನವೂ ಬದುಕಲಾರದು. ದಕ್ಷಿಣದಲ್ಲಿ ಅದಕ್ಕೆ ಒಗ್ಗುವ ಚಳಿ ಇರುವುದು ನೀಲಗಿರಿ, ಮುನ್ನಾರಿನಂಥ ಎತ್ತರದಲ್ಲಿ ಮಾತ್ರ. ಮೀನಿನ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಫ್ರಾನ್ಸಿಸ್ ಡೇ 1860ರ ದಶಕದಲ್ಲೇ ನೀಲಗಿರಿಗೆ ಟ್ರೌಟ್ ತರಲು ಹೆಣಗಿದ. ಕೈಗೂಡಿದ್ದು ಬಹಳ ತಡವಾಗಿ, 1907ರಲ್ಲಿ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ಆದ ಮೇಲೆ. ಸಾವಿರಾರು ಮೈಲಿ ಆಚೆಯಿಂದ ಮೊಟ್ಟೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಹಡಗಿನಲ್ಲಿ ತಂದವರ ಆಸೆ ನನಗೆ ಅರ್ಥವಾಗುತ್ತದೆ. ಮನೆಯ ಹೊಳೆಯನ್ನು ಬಿಟ್ಟುಬಂದವನಿಗೆ ಮನೆಯ ಮೀನಾದರೂ ಬೇಕೆನ್ನಿಸುತ್ತದೆ.

ಆದರೆ ಅದೇ ಬಿಳಿಯರು ನಮ್ಮ ಬೆಟ್ಟದ ಹಳ್ಳಗಳಲ್ಲಿ ಒಂದು ಜಾತಿಯ ಮೀನನ್ನು ಕಂಡು ‘ಹಿಲ್ ಟ್ರೌಟ್’ ಎಂದು ಕರೆದರು. ಟ್ರೌಟಿಗೂ ಅದಕ್ಕೂ ಸಂಬಂಧವಿಲ್ಲ. ನೀರಿನ ಮೇಲೆ ಬಿದ್ದ ಹುಳವನ್ನು ಹಾರಿ ಹಿಡಿಯುವ ಬುದ್ಧಿ ಮಾತ್ರ ಒಂದೇ. ಆ ಬಳಗದ ಒಂದು ಮೀನನ್ನು ಜೆರ್ಡನ್ ಎಂಬ ವಿಜ್ಞಾನಿ 1849ರಲ್ಲಿ ಕೆನರಾದಿಂದಲೇ ಗುರುತಿಸಿ, ನಮ್ಮ ಸೀಮೆಯ ಹೆಸರನ್ನೇ ಇಟ್ಟ. ಬ್ಯಾರಿಲಿಯಸ್ ಕೆನರೆನ್ಸಿಸ್. ಗೇಣುದ್ದ ಬೆಳೆದರೆ ದೊಡ್ಡದು. ಬೆಳ್ಳಿ ಮೈ, ಎರಡೂ ಪಕ್ಕಕ್ಕೆ ಕಡುನೀಲಿ ಚುಕ್ಕೆಗಳ ಎರಡೆರಡು ಸಾಲು. ಈ ಹೆಸರು, ಇಸವಿ ಯಾವುದೂ ಗೊತ್ತಿಲ್ಲದ ವಯಸ್ಸಿನಲ್ಲಿ ನಾನು ಆ ಮೀನನ್ನು ಅಂಗೈಯಲ್ಲಿ ಹಿಡಿದಿದ್ದೆ. ಹಿಡಿದುಕೊಟ್ಟವನು ನನ್ನ ಸೋದರಮಾವ.

ಮಾವನ ಮನೆ ಗುಂಡಬಾಳಾ ಹೊಳೆಯ ಮೇಲ್ಭಾಗದಲ್ಲಿ, ಘಟ್ಟದ ಬುಡಕ್ಕೆ. ಗುಂಡಬಾಳೆಯಲ್ಲಿ ಮುಖ್ಯಪ್ರಾಣ ದೇವರಿಗೆ ಹರಕೆಯ ಬಯಲಾಟ ಆಡಿಸುತ್ತಾರೆ. ಸುಗ್ಗಿಯ ಕಾಲಕ್ಕೆ ಮಾವನ ಮನೆಗೆ ಹೋದರೆ ಒಂದು ರಾತ್ರಿ ಆಟ ನೋಡುವುದು ಖಾಯಂ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಉಳಿದವರೆಲ್ಲ ಕಂಬಳಿ ಮುದುಡಿಕೊಂಡು ಮನೆಯ ದಾರಿ ಹಿಡಿದರೆ ಮಾವ ನನ್ನನ್ನು ಹಳ್ಳದ ದಾರಿಗೆ ತಿರುಗಿಸುತ್ತಿದ್ದ. ಕಣ್ಣು ಎಳೆಯುತ್ತಿರುತ್ತಿತ್ತು, ಕಿವಿಯಲ್ಲಿ ಇನ್ನೂ ಚಂಡೆ. ತೋಟದ ಬೇಲಿಯಲ್ಲಿ ಹಿಂದಿನ ದಿನವೇ ಕಡಿದಿಟ್ಟ ವಾಟೆಯ ಕೋಲು ಇರುತ್ತಿತ್ತು, ತೆಳ್ಳಗೆ, ತುದಿ ನೆಲಕ್ಕೆ ತಾಗುವಷ್ಟು ಬಳುಕುವಂಥದ್ದು. ಅದಕ್ಕೆ ಕೂದಲಿನಷ್ಟು ಸಣ್ಣ ತಂಗೂಸಿ. ಬೆಂಡಿಲ್ಲ, ಸೀಸವಿಲ್ಲ, ಎರೆಹುಳುವಿನ ಕರಟವೂ ಇಲ್ಲ.

ಅಂಗಿಯ ಕಿಸೆಯಿಂದ ಅವನು ಒಂದು ಬೆಂಕಿಪೊಟ್ಟಣ ತೆಗೆಯುತ್ತಿದ್ದ. ಒಳಗೆ ಹತ್ತಿಯ ಮೇಲೆ ಮಲಗಿಸಿದ ಎರಡೋ ಮೂರೋ ಕೊಕ್ಕೆ, ಭತ್ತದ ಕಾಳಿಗಿಂತ ತುಸು ದೊಡ್ಡವು. ಪ್ರತಿಯೊಂದರ ಕಾಲಿಗೂ ಅತ್ತೆಯ ಹರಿದ ಸೀರೆಯ ಅಂಚಿನಿಂದ ಬಿಡಿಸಿದ ಜರಿ ಎಳೆಯನ್ನು ಸಾಲಾಗಿ, ಒಂದರ ಮೇಲೊಂದು ಬೀಳದಂತೆ ಸುತ್ತಿರುತ್ತಿದ್ದ. ಕೊರಳ ಹತ್ತಿರ ಊರಕೋಳಿ ಹುಂಜದ ಕುತ್ತಿಗೆಯ ಒಂದು ಕೆಂಗರಿ, ಅದನ್ನೂ ಕೊಕ್ಕೆಯ ಸುತ್ತ ಬಳಸಿ ಕಟ್ಟಿದ್ದರಿಂದ ಎಳೆಗಳೆಲ್ಲ ಸುತ್ತಲೂ ನೆಟ್ಟಗೆ ನಿಂತಿರುತ್ತಿದ್ದವು. ‘ಬಾಲದ ಗರಿ ಯಾಕಾಗ ಮಾವಾ?’ ಎಂದು ಕೇಳಿದೆ. ‘ಅದು ಮೆತ್ತಗೆ. ನೀರು ಕುಡಿದು ಮುಳುಗ್ತದೆ. ಕುತ್ತಿಗೆದು ನಿಲ್ತದೆ’ ಎಂದ. ಇಂಗ್ಲೆಂಡಿನವರೂ ಹುಂಜದ ಕುತ್ತಿಗೆಯ ಗರಿಯನ್ನೇ, ಇದೇ ಕಾರಣಕ್ಕೆ, ಇದೇ ರೀತಿ ಸುತ್ತಿ ಕಟ್ಟುತ್ತಾರೆಂದು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಮಾವನನ್ನೇ ನೆನೆಯುತ್ತಿದ್ದೆ. ಅವನು ಇಂಗ್ಲಿಷ್ ಓದಿದವನಲ್ಲ. ಗರಿಯೊಂದನ್ನು ನೀರಿಗೆ ಬಿಟ್ಟು ನೋಡಿದವನು, ಅದು ಮುಳುಗಿದರೆ ಇನ್ನೊಂದನ್ನು ಬಿಟ್ಟವನು.

ಹಳ್ಳದ ದಂಡೆಯಲ್ಲಿ ಒಂದು ಸುರಗಿ ಮರವಿತ್ತು. ಸುರಗಿ ಅರಳುವುದು ಎಲೆಯಿಲ್ಲದ ಹಳೆಯ ಕೊಂಬೆಗಳ ಮೈಮೇಲೆಯೇ. ನಸುಕಿಗೆ ಜೇನುಗಳು ಮುತ್ತಿಕೊಂಡು ಮರವೇ ಗುಂಯ್ ಎನ್ನುತ್ತಿರುತ್ತದೆ. ಬಿಳಿಯ ಎಸಳು, ನಡುವೆ ಹಳದಿ ಕೇಸರ ಉದುರಿ ಕೆಳಗಿನ ಗುಂಡಿಯ ಮೇಲೆಲ್ಲ ತೇಲುತ್ತಿದ್ದವು. ಅವುಗಳ ನಡುವೆ ಆಗಾಗ ಒಂದು ಜೇನು, ಒಂದು ಚಗಳಿ ಇರುವೆ ಬೀಳುತ್ತಿತ್ತು. ಎಸಳು ಬಿದ್ದರೆ ನೀರು ಸುಮ್ಮನಿರುತ್ತಿತ್ತು. ಇರುವೆ ಬಿದ್ದರೆ ಕೂಡಲೇ ಚುಳ್ ಎಂದು ಒಂದು ಸಣ್ಣ ಬಳೆ ಮೂಡುತ್ತಿತ್ತು, ಇರುವೆ ಇಲ್ಲ. ಅಷ್ಟು ಹೂವಿನ ನಡುವೆ ಆ ಮೀನಿಗೆ ಇದು ಎಸಳು, ಇದು ಇರುವೆ ಎಂದು ತಿಳಿಯುತ್ತಿದ್ದುದು ಹೇಗೆ ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಮಾವ ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಹೆಗಲು ಒತ್ತಿ ಕೂರಿಸಿ, ಪಿಸುಗುಟ್ಟುತ್ತಿದ್ದ: ‘ನಿನ್ನ ನೆರಳು ನೀರಿಗೆ ಬೀಳೂಕಾಗ ತಮ್ಮಾ. ಬಿತ್ತಂದ್ರೆ ಇವತ್ತಿನ ಕತೆ ಮುಗೀತು.’ ಆಮೇಲೆ ಕೋಲಿನ ತುದಿಯನ್ನು ಒಮ್ಮೆ ಹಿಂದಕ್ಕೆ ಬಾಗಿಸಿ ಬಿಟ್ಟರೆ ಜರಿಯ ಹುಳ ಹೋಗಿ ಸುರಗಿಯ ಎಸಳುಗಳ ನಡುವೆ ಕೂರುತ್ತಿತ್ತು. ಅವನು ಅದನ್ನು ಎಳೆಯುತ್ತಿರಲಿಲ್ಲ. ನೀರು ಒಯ್ದಲ್ಲಿಗೆ ಹೋಗಲು ಬಿಡುತ್ತಿದ್ದ. ಬೆಳಕು ಬಿದ್ದಾಗ ಜರಿ ಒಮ್ಮೆ ಮಿನುಗುತ್ತಿತ್ತು. ಅಷ್ಟರಲ್ಲಿ ಚುಳ್.

ಮೀನು ಸಣ್ಣದಾದರೂ ವಾಟೆಯ ಕೋಲಿನಲ್ಲಿ ಅದರ ಜೀವವೆಲ್ಲ ಅಂಗೈಗೆ ಬರುತ್ತದೆ. ಮೊದಲ ಸಲ ಕೋಲನ್ನು ನನ್ನ ಕೈಗೆ ಕೊಟ್ಟಾಗ ಆ ನಡುಕ ಮೊಣಕೈಯವರೆಗೆ ಹತ್ತಿತ್ತು. ದಂಡೆಗೆ ತಂದು ನೋಡಿದರೆ ಕಡುನೀಲಿ ಚುಕ್ಕೆಗಳ ಸಾಲು, ರೆಕ್ಕೆಯ ಅಂಚಿಗೆ ತೆಳುವಾದ ಬಿಳಿ. ನೀರಿನಿಂದ ಹೊರಗೆ ಬಂದ ಮೇಲೆ ಆ ನೀಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮಾವ ಸಾರಿಗಾಗುವಷ್ಟು ಹಿಡಿದ ಮೇಲೆ ಕೊಕ್ಕೆ ಬಿಚ್ಚಿ ಬೆಂಕಿಪೊಟ್ಟಣಕ್ಕೆ ಹಾಕುತ್ತಿದ್ದ. ನಾನು ಇನ್ನೊಂದು, ಇನ್ನೊಂದು ಎಂದು ಹಟ ಮಾಡಿದರೆ, ‘ಸಾಕು. ಉಳಿದದ್ದು ಅಲ್ಲೇ ಇರ್ಲಿ. ಹಳ್ಳ ಎಲ್ಲಿಗೂ ಹೋಗೂದಿಲ್ಲ’ ಎನ್ನುತ್ತಿದ್ದ.

ಗಾಳ ಹಿಡಿದು ಹೊಳೆ ನೋಡುವುದನ್ನು ಕನ್ನಡದ ಓದುಗರಿಗೆ ಹತ್ತಿರ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ಕಡೆಯ ಅವರ ಹೊಳೆಗಳು ಪೂರ್ವಕ್ಕೆ ಹೋಗುವಂಥವು, ನಮ್ಮವು ಪಶ್ಚಿಮಕ್ಕೆ ಧುಮುಕುವಂಥವು. ಆದರೂ ಅವರ ಬರಹ ಓದುವಾಗ ನನಗೆ ಬೇರೆ ಊರಿನ ಮಾತು ಎನ್ನಿಸಿದ್ದೇ ಇಲ್ಲ. ಗಾಳದ ಮುಂದೆ ಕೂತವರು ಎಲ್ಲೇ ಇರಲಿ, ನೋಡುತ್ತಿರುವುದು ಒಂದನ್ನೇ.

ಫಾಲ್ಗುಣ, ಚೈತ್ರದಲ್ಲಿ ಘಟ್ಟದ ಹಳ್ಳ ಒಂದೇ ಧಾರೆಯಾಗಿ ಉಳಿಯುವುದಿಲ್ಲ. ನಡುನಡುವೆ ಕಲ್ಲು ಬಿಸಿಲಿಗೆ ಬಿದ್ದಿರುತ್ತದೆ, ಅಲ್ಲಲ್ಲಿ ಒಂದೊಂದು ಗುಂಡಿಯಲ್ಲಿ ನೀರು. ಒಂದು ಮೈಲಿ ಹಳ್ಳದ ಅಷ್ಟೂ ಮೀನು ಆ ಗುಂಡಿಯಲ್ಲಿ ಉಸಿರು ಹಿಡಿದುಕೊಂಡು ಮಳೆಗೆ ಕಾಯುತ್ತಿರುತ್ತದೆ. ಜೂನಿನಲ್ಲಿ ಹೊಸನೀರು ಇಳಿದ ಕೂಡಲೇ ಇವೇ ಮೇಲಕ್ಕೆ ಏರಿ, ಗದ್ದೆಯ ಕಾಲುವೆ, ಸಣ್ಣ ತೊರೆಗಳಿಗೆಲ್ಲ ನುಗ್ಗಿ ಮೊಟ್ಟೆಯಿಡುವುದು. ಹತ್ತುಮೀನು ಎಂದು ಮಲೆನಾಡಿನವರು ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಹೋಗುವುದು ಇದಕ್ಕೇ. ಆದ್ದರಿಂದ ಸುಗ್ಗಿಯ ಗುಂಡಿಯಲ್ಲಿರುವುದು ಮುಂದಿನ ವರ್ಷದ ಬೀಜ. ಅಂಥ ಗುಂಡಿಗೆ ಯಾರೋ ತೋಟೆ ಹಾಕುತ್ತಾರೆ. ಇಲ್ಲವೇ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ. ಹಿಂದೆ ಕಾರೆಕಾಯಿ ಅರೆದು ಹಾಕುವುದಿತ್ತು. ತೋಟೆ ಅದೆಲ್ಲಕ್ಕಿಂತ ಕ್ರೂರ, ಮುಳ್ಳಿನಷ್ಟಿರುವ ಮರಿಯನ್ನೂ ಬಿಡುವುದಿಲ್ಲ. ತೋಟೆ ಬಿದ್ದ ಒಂದು ಗುಂಡಿಯನ್ನು ನಾನು ಮಾವನ ಜೊತೆ ನೋಡಿದ್ದೇನೆ. ದೊಡ್ಡ ಮೀನು ಆರಿಸಿಕೊಂಡು ಹೋಗಿದ್ದರು. ಉಳಿದದ್ದು ಹೊಟ್ಟೆ ಮೇಲಾಗಿ ದಡದುದ್ದಕ್ಕೂ ಬೆಳ್ಳಗೆ ಸಾಲು ಕಟ್ಟಿತ್ತು. ಮಾವ ಏನೂ ಮಾತಾಡಲಿಲ್ಲ, ಪಂಚೆ ಮೇಲೆ ಕಟ್ಟಿಕೊಂಡು ನೀರಿಗಿಳಿದು ಸತ್ತದ್ದನ್ನು ಬೊಗಸೆಯಲ್ಲಿ ಬಾಚಿ ಹೊರಗೆ ಹಾಕುತ್ತ ಹೋದ, ನೀರು ಕೊಳೆಯಬಾರದೆಂದು. ತೋಟೆ, ವಿಷ ಎರಡನ್ನೂ ನಿಷೇಧಿಸಿದ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ. ನೂರಾ ಇಪ್ಪತ್ತೈದು ವರ್ಷ ದಾಟಿತು. ಆ ಕಾಯಿದೆ ನಮ್ಮ ಘಟ್ಟದ ಬುಡದ ಗುಂಡಿಗಳವರೆಗೆ ನಡೆದುಬರಬೇಕೆಂದು ನಾನು ಈಗಲೂ ಆಸೆಪಡುತ್ತೇನೆ.

ಗಾಳದ ಸಹವಾಸದಿಂದ ಎರಡು ಹೊಳೆಗಳ ಗುಣ ನನಗೆ ಕೈಯಲ್ಲೇ ತಿಳಿದಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಟೇಲ್‌ರೇಸ್ ಕಟ್ಟೆ. ಜೋಗದ ಕೆಳಗೆ ವಿದ್ಯುತ್ತು ಮಾಡಿ ಬಿಟ್ಟ ಸಿಹಿನೀರು ಬೇಸಗೆಯಲ್ಲೂ ಹರಿದುಬರುತ್ತದೆ. ಹೊಳೆ ತುಂಬಿಕೊಂಡೇ ಇರುವುದನ್ನು ಕಂಡು ಪ್ರವಾಸಿಗಳಿಗೆ ಖುಷಿ. ಆದರೆ ಅಳಿವೆಗೆ ಸುಗ್ಗಿಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಶರಾವತಿಯ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಮೀನು ಹೆಚ್ಚುಕಮ್ಮಿ ಇಲ್ಲವಾದದ್ದು ಹೀಗೆ. ಮೀನಿನ ಬಗೆಗಳೂ ಅಘನಾಶಿನಿಗಿಂತ ಕಡಿಮೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಹೊಳೆಗಳನ್ನು ಹೋಲಿಸಿ ನೋಡಿ ಬರೆದಿದ್ದಾರೆ. ನನ್ನ ಅಜ್ಜಿ ಬೆಳಚಿನ ಪಲ್ಯಕ್ಕೆ ತೆಂಗಿನಕಾಯಿ ತುರಿಯುತ್ತ, ತನ್ನ ಕಾಲದಲ್ಲಿ ಮಾವಿನಕುರ್ವೆಯ ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದುದನ್ನು ಹೇಳುತ್ತಿದ್ದಳು. ಈಗ ಹೊನ್ನಾವರದ ಪೇಟೆಯಲ್ಲಿ ಬೆಳಚು ಬೇಕೆಂದರೆ ಅದು ಕುಮಟೆಯ ಕಡೆಯಿಂದ ಬರಬೇಕು.

ಅಘನಾಶಿನಿಗೆ ಕಟ್ಟೆಯಿಲ್ಲ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಹಾರಿ, ದಿವಗಿ, ಮಿರ್ಜಾನು, ತದಡಿ ಎಂದು ತನ್ನ ಪಾಡಿಗೆ ತಾನು ಬಂದು ಸಮುದ್ರ ಸೇರುವ ಹೊಳೆ ಅದು. ಮಳೆಗಾಲಕ್ಕೆ ಪೂರಾ ಸಿಹಿ, ಸುಗ್ಗಿಗೆ ಪೂರಾ ಉಪ್ಪು. ಆ ಏರಿಳಿತದ ಮೇಲೆಯೇ ಎಲ್ಲರ ಬದುಕೂ ನಿಂತಿದೆ. ಮಾಣಿಕಟ್ಟೆಯ ಗಜನಿಯಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು, ನೀರಿನ ಜೊತೆ ಶೆಟ್ಲಿ, ಏಡಿ. ಇಳಿತದ ಹೊತ್ತಿಗೆ ತದಡಿಯ ಎದುರಿನ ಮರಳುದಿಬ್ಬಗಳ ಮೇಲೆ ನೂರಾರು ಜನ ಸೊಂಟ ಬಗ್ಗಿಸಿ ಬೆಳಚು ಆರಿಸುತ್ತಿರುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರನ್ನು ರಾಮ್ಸಾರ್ ತಾಣವೆಂದು ಸಾರಿದಾಗ ನನಗಾದ ಸಂತೋಷ ಮನೆಯಲ್ಲಿ ಮದುವೆಯಾದಷ್ಟು. ಈಗ ಅದೇ ಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸಿ ವೇದಾವತಿಗೆ ಕೂಡಿಸುವ ಯೋಜನೆಯ ಮಾತು ಕೇಳುತ್ತಿದೆ. ಎಷ್ಟು ನೀರು, ಎಷ್ಟು ಕೋಟಿ ಎಂದು ಲೆಕ್ಕ ಹೇಳುವವರು ಸುಗ್ಗಿಯ ಒಂದು ದಿನ ಉಪ್ಪಿನಪಟ್ಟಣದ ದಡದಲ್ಲಿ ಗಾಳ ಹಾಕಿ ಕೂರಬೇಕು. ಒಂದು ಭರ್ತಿ, ಒಂದು ಇಳಿತ ನೋಡಿಕೊಂಡು ಹೋದರೆ ಸಾಕು.

ಈಗ ಗಾಳದವರ ಹೊಸ ತಲೆಮಾರು ಬಂದಿದೆ. ವೆಂಕಟಾಪುರ ಹೊಳೆಯ ಅಂಚಿನಲ್ಲಿ ಸಂಜೆ ನಿಂತ ಭಟ್ಕಳದ ಹುಡುಗರ ಕೈಯಲ್ಲಿ ಫೈಬರಿನ ರಾಡು, ರೀಲು, ರಬ್ಬರಿನ ಶೆಟ್ಲಿ. ಅವರಿಗೆ ಬೇಕಾದ್ದು ಕೆಂಬೇರಿ. ಅದು ಕಾಂಡ್ಲಾ ಬೇರಿನ ಸಂದಿಯಲ್ಲಿ ಅಡಗಿರುತ್ತದೆ. ಎಸೆತ ಒಂದು ಗೇಣು ಆಚೆಯಾದರೆ ಮೀನು ಹೊರಗೆ ಬರುವುದಿಲ್ಲ, ಒಂದು ಗೇಣು ಈಚೆಯಾದರೆ ನೂರಾರು ರೂಪಾಯಿಯ ರಬ್ಬರ್ ಶೆಟ್ಲಿ ಬೇರಿಗೆ ಸಿಕ್ಕಿ ಹೋಯಿತು. ಕೆಂಬೇರಿ ಕಚ್ಚಿದರೆ ಮೊದಲ ಎಳೆತದಲ್ಲೇ ಬೇರಿನೊಳಗೆ ನುಗ್ಗುತ್ತದೆ, ಆಗ ಮಣಿಕಟ್ಟು ಗಟ್ಟಿ ಇರಬೇಕು. ಈ ಹುಡುಗರನ್ನು ಹಳಬರು ಕೆಲವರು ಬಯ್ಯುತ್ತಾರೆ. ನನಗೆ ಅವರು ಇಷ್ಟ. ನೀರಿನ ವೇಳೆಯನ್ನು ಫೋನಿನಲ್ಲಿ ನೋಡುತ್ತಾರೆ, ನಿಜ. ಆದರೆ ಅಳತೆಗೆ ಬಾರದ ಮರಿ ಬಿದ್ದರೆ ಬಿಡಿಸಿ ಹೊಳೆಗೆ ಬಿಡುತ್ತಾರೆ. ಅವರಲ್ಲೊಬ್ಬ, ಎರಡು ಗಳಿಗೆಯ ಲೆಕ್ಕ ಹೇಳಿಕೊಟ್ಟದ್ದಕ್ಕೆ, ‘ಅಂಕಲ್, ಇದು ನೆಟ್‌ವರ್ಕ್ ಇಲ್ಲದಲ್ಲೂ ಆಗ್ತದಲ್ಲ!’ ಎಂದು ಅಂಗೈ ಮೇಲೆ ಬರೆದುಕೊಂಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದಡದಲ್ಲಿ ಇವರೂ ನಾವೂ ಕೊಡೆ ಹಿಡಿದು ಸಾಲಾಗಿ ನಿಲ್ಲುತ್ತೇವೆ.

ಅವರಿಗೆ ನಾನು ಜರಿಯ ಗಾಳ ಕಟ್ಟಿ ತೋರಿಸಿದ್ದೇನೆ. ಕೊಕ್ಕೆಯ ಕಾಲಿಗೆ ಮೊದಲು ಹೊಲಿಗೆಯ ದಾರದ ಒಂದು ಪದರ ಸುತ್ತಬೇಕು, ಇಲ್ಲದಿದ್ದರೆ ಜರಿ ಜಾರುತ್ತದೆ. ಗರಿಯ ಬುಡದ ತುಪ್ಪಳವನ್ನು ಪೂರಾ ಕಿತ್ತುಹಾಕಬೇಕು, ಅದು ನೀರು ಹೀರುತ್ತದೆ. ಗಂಟು ಬಿಗಿಯುವ ಮೊದಲು ತಂಗೂಸಿಗೆ ಉಗುಳು ಸವರಬೇಕು, ಒಣದಾರ ಉಜ್ಜಿದರೆ ಗಂಟಿನ ಬುಡದಲ್ಲೇ ತುಂಡಾಗುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಮೀನಿನ ಬಾಯಿ ಹರಿಯದೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ನೀವು ಈ ಕಡೆ ಬರುವುದಾದರೆ ಅಷ್ಟಮಿ, ನವಮಿ ಬಿಟ್ಟು ಬನ್ನಿ. ಅಳಿವೆಗಾದರೆ ನೀರು ತಿರುಗುವುದಕ್ಕೆ ಒಂದು ತಾಸು ಮೊದಲೇ ದಡದಲ್ಲಿರಿ. ಗಾಳಕ್ಕೆ ಸಿಕ್ಕಿಸುವ ಶೆಟ್ಲಿಯನ್ನು ಬೆಳಗ್ಗೆಯೇ ಪೇಟೆಯಿಂದ ತಂದುಕೊಳ್ಳಿ, ಸಿಪ್ಪೆ ಸುಲಿಯಬೇಡಿ. ಘಟ್ಟದ ಹಳ್ಳಕ್ಕಾದರೆ ನಸುಕಿಗೆ ಹೋಗಿ, ಬಣ್ಣದ ಅಂಗಿ ಬೇಡ, ಕಲ್ಲಿನ ಮೇಲೆ ಕಾಲು ಎತ್ತಿ ಹಾಕಬೇಡಿ, ಸದ್ದು ನೀರಿನೊಳಗೆ ಬೇಗ ಹೋಗುತ್ತದೆ. ಚುಕ್ಕೆಯ ಮೀನು ಬಂದರೆ ಮುಟ್ಟುವ ಮೊದಲು ಕೈಯನ್ನು ಹಳ್ಳದ ನೀರಿನಲ್ಲಿ ನೆನೆಸಿಕೊಳ್ಳಿ. ಒಣ ಕೈಗೆ ಅದರ ಮೈಯ ಲೋಳೆ ಅಂಟಿಕೊಂಡು ಬಂದರೆ, ಬಿಟ್ಟ ಮೀನೂ ಬದುಕುವುದು ಕಷ್ಟ.